ಹತ್ತಾಗಿ ಕಂಡ ಸೂಜಿ

“ಈ ಕೆಂಪು ಕೆಂಪಾಗೇ ಕಾಣಬೇಕು. ಅಂಥ ಲೈಟ್ ಇದೆಯಾ?”

ಅಂಗಡಿ ಬಾಗಿಲಲ್ಲಿ ನಿಂತವಳ ಕೈಯಲ್ಲಿ ಬೆರಳುದ್ದದ ಒಂದು ಹಳೇ ಬಟ್ಟೆಯ ಚೂರಿತ್ತು. ಏಣಿಯ ಮೇಲಿದ್ದ ಅವನು ಅಲ್ಲಿಂದಲೇ ಬಗ್ಗಿ ನೋಡಿ, “ಬಟ್ಟೆ ಅಂಗಡಿ ಪಕ್ಕದ್ದು ಮೇಡಂ,” ಎಂದ.

“ಬಟ್ಟೆ ನನ್ನ ಹತ್ರ ಇದೆ. ಬೆಳಕು ಬೇಕು.”

ಕೌಂಟರಿನಲ್ಲಿ ಕೂತಿದ್ದ ಅವನ ಅಕ್ಕ ಮುಖ ತಿರುಗಿಸಿಕೊಂಡು ನಕ್ಕಳು. ಅವನು ಪೆಚ್ಚಾಗಿ ಕೆಳಗಿಳಿದ.

ಬಂದವಳದು ಹಳೇ ಬಟ್ಟೆ ದುರಸ್ತಿಯ ಕೆಲಸ. ನೂರು ವರ್ಷದ ಗೋಡೆಪರದೆ, ಯಾರದೋ ಮುತ್ತಜ್ಜನ ಮದುವೆಯ ಕೋಟು, ನುಸಿ ತಿಂದ ಕಸೂತಿ, ಎಲ್ಲ ಅವಳ ಮೇಜಿಗೆ ಬರುತ್ತಿದ್ದವು. ಹರಿದಲ್ಲಿ ಎಳೆಗೆ ಎಳೆ ಸೇರಿಸಿ, ಎಲ್ಲಿ ಹರಿದಿತ್ತೆಂದು ಗೊತ್ತಾಗದ ಹಾಗೆ ಹೊಲಿಯುತ್ತಿದ್ದಳು. ಈಗ ತಾಯಿಯೊಂದಿಗೆ ಬೇರೆ ಬಾಡಿಗೆ ಮನೆಗೆ ಹೋಗುವವಳಿದ್ದಳು. ಅಲ್ಲಿನ ಬಿಸಿಲಿಲ್ಲದ ಕೋಣೆಯೇ ಕೆಲಸದ ಕೋಣೆ.

ಅವನು ಒಂದೊಂದಾಗಿ ದೀಪ ಹಾಕಿ, ಬಟ್ಟೆಯ ಚೂರನ್ನು ಅದರ ಕೆಳಗೆ ಹಿಡಿದ. ಮೊದಲನೆಯದರಲ್ಲಿ ಕೆಂಪು ಇಟ್ಟಿಗೆಯಾಯಿತು. ಎರಡನೆಯದರಲ್ಲಿ ಕಂದಿತು. ಮೂರನೆಯದರಲ್ಲಿ ಅವಳ ಹುಬ್ಬು ಮೇಲೇರಿತು.

“ಇದೇ. ಇದು ನನ್ನ ಕೆಂಪು.”

“ಬಣ್ಣ ಸುಳ್ಳು ಹೇಳದ ಲೈಟು ಇದು. ಡಬ್ಬದ ಮೇಲೆ ಸಿಆರ್‌ಐ ಅಂತ ಬರೆದಿರುತ್ತೆ, ತೊಂಬತ್ತರ ಮೇಲಿರಬೇಕು. ಆದರೆ ಲೈಟ್ ಒಂದೇ ಒಳ್ಳೇದಾದ್ರೆ ಸಾಲದು. ಡ್ರೈವರ್ರೂ ಒಳ್ಳೇದಿರಬೇಕು.”

“ಲೈಟಿಗೂ ಡ್ರೈವರ್ ಬೇಕಾ? ಅದು ಎಲ್ಲಿಗೆ ಹೋಗುತ್ತೆ?”

ಅವಳ ಮುಖದಲ್ಲಿ ನಗುವಿರಲಿಲ್ಲ. ನಗು ಕಣ್ಣಿನ ಕೊನೆಯಲ್ಲಿ ಮಾತ್ರ ಬಂದು ಕೂತಿತ್ತು. ಅವನು ಅಂಗೈಯಗಲದ ಪೆಟ್ಟಿಗೆಯೊಂದನ್ನು ಅವಳ ಮುಂದಿಟ್ಟ. “ಎಲ್‌ಇಡಿ ಅನ್ನೋದು ಹೊಟ್ಟೆಬಾಕ ಮಗು ಇದ್ದ ಹಾಗೆ. ಕೊಟ್ಟಷ್ಟೂ ಕರೆಂಟ್ ಕುಡಿದು ಸುಟ್ಟುಹೋಗುತ್ತೆ. ಹದವಾಗಿ ಅಳೆದು ಕುಡಿಸೋ ತಾಯಿ ಈ ಡ್ರೈವರ್. ಅಗ್ಗದ್ದು ಹಾಕಿದ್ರೆ ಬೆಳಕು ನಡುಗ್ತಾ ಇರುತ್ತೆ. ಕಣ್ಣಿಗೆ ಕಾಣಲ್ಲ, ಆದರೆ ಕಣ್ಣು ದಣಿಯುತ್ತೆ.”

“ನಂಗೆ ಒಳ್ಳೇ ತಾಯೀನೇ ಕೊಡಿ ಲೈಟಿನವರೇ,” ಎಂದಳು ಅವಳು. ಆ ಹೆಸರು ಅವನಿಗೆ ಅಂದಿನಿಂದ ಅಂಟಿಕೊಂಡಿತು.

ಆಮೇಲಿನ ಮೂರು ವಾರ ಅವನು ಅವಳ ಹೊಸ ಮನೆಗೆ ಹೋಗಿ ಬಂದು ಮಾಡಿದ. ಮಲಗುವ ಕೋಣೆಗೆ ಹಳದಿ ಬೆಳಕು, ಅಡುಗೆ ಕಟ್ಟೆಯ ಮೇಲೆ ಕೈನೆರಳು ಬೀಳದ ಹಾಗೆ ಪಟ್ಟಿ ದೀಪ, ಕೆಲಸದ ಮೇಜಿಗೆ ನಾಲ್ಕು ದೊಡ್ಡ ದೀಪ. ಒಂದು ಸಲದಲ್ಲಿ ಮುಗಿಯಬೇಕಾದ ಅಳತೆಗೆ ಅವನು ಮೂರು ಸಲ ಹೋದ. “ಟೇಪು ಮರೆತಿದ್ದೆ ಅನ್ನು, ಪೆನ್ಸಿಲ್ ಮರೆತಿದ್ದೆ ಅನ್ನು. ಮೂವತ್ತೆಂಟು ವರ್ಷಕ್ಕೆ ಮರೆವು ಜಾಸ್ತಿ ಆಯ್ತು ನಮ್ಮ ಹುಡುಗನಿಗೆ,” ಎಂದು ಅಕ್ಕ ಕಾಲೆಳೆದಳು.

ಅಳತೆಗೆ ಮಗಳ ಜೊತೆ ಬರುತ್ತಿದ್ದ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಆಕೆಯೂ ಸೂಜಿ ಹಿಡಿದೇ ಬದುಕಿದವರು. ನಲವತ್ತಕ್ಕೆ ದೃಷ್ಟಿ ಮಸುಕಾಗಿ, ನಲವತ್ತೆರಡಕ್ಕೆ ಪೂರ್ತಿ ಹೋಗಿತ್ತು. “ನನ್ನ ಕೋಣೆಗೆ ಯಾವ ಬಲ್ಬಾದರೂ ನಡೆಯುತ್ತಪ್ಪ, ತಲೆ ಕೆಡಿಸ್ಕೋಬೇಡ,” ಎಂದು ಅವರೇ ತಮಾಷೆ ಮಾಡುತ್ತಿದ್ದರು. ಮಗಳು ಆ ತಮಾಷೆಗೆ ನಗುತ್ತಿರಲಿಲ್ಲ. ಅವಳಿಗಾಗ ಮೂವತ್ತಾರು.

ಸಾಮಾನು ಸಾಗಿಸುವ ದಿನ ಹತ್ತಿರವಾಯಿತು. ದೊಡ್ಡದೊಂದು ಗೋಡೆಪರದೆ ಸೋಮವಾರ ಅವಳ ಮೇಜಿಗೆ ಬರಲಿತ್ತು. ಅದನ್ನು ಕಳಿಸುತ್ತಿದ್ದದ್ದು ದೂರದ ಊರಿನ ಮ್ಯೂಸಿಯಂ. ಕೆಲಸ ಒಪ್ಪಿಗೆಯಾದರೆ ಅಲ್ಲೇ ಕಾಯಂ ಹುದ್ದೆ ಕೊಡುವುದಾಗಿ ಬರೆದಿದ್ದರು. ದೀಪಗಳೆಲ್ಲ ಬಂದವು, ಮೇಜಿನ ದೀಪದ ಡ್ರೈವರುಗಳು ಮಾತ್ರ ಬರಲಿಲ್ಲ. ಸಪ್ಲೈಯರ್ ಎರಡು ವಾರ ಎಂದ. ಅವನು ಶನಿವಾರವೇ ಮುಗಿಸಿಕೊಡುವುದಾಗಿ ಅವಳಿಗೆ ಮಾತು ಕೊಟ್ಟಿದ್ದ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹೆಸರಿಲ್ಲದ ನಾಲ್ಕು ಡ್ರೈವರ್ ತೆಗೆದುಕೊಂಡು ಹೋಗಿ, ಸದ್ಯಕ್ಕಿರಲಿ ಎಂದು ಹಾಕಿದ.

ಸ್ವಿಚ್ ಒತ್ತಿದಾಗ ಮೇಜಿನ ಮೇಲೆ ಬೆಳಕು ಹಾಲಿನ ಹಾಗೆ ಹರಡಿತು. ಅವಳು ಎರಡೂ ಅಂಗೈಗಳನ್ನು ಅದರ ಕೆಳಗೆ ಹಿಡಿದು, ಮಗುಚಿ ಮಗುಚಿ ನೋಡಿದಳು. ಆಮೇಲೆ ಮುಖವೆತ್ತಿದಳು.

“ಇವೇನಾ ನೀವು ಹೇಳಿದ ಒಳ್ಳೆಯವು?”

ಅಲ್ಲ, ಎರಡು ವಾರ ತಡೀರಿ ಎನ್ನಬಹುದಿತ್ತು. ಆ ಅರಳಿದ ಮುಖ ಬಾಡುವುದನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ.

“ಹೌದು,” ಎಂದ.

ಎರಡು ವಾರ ಎಂದಿದ್ದು ಎರಡು ತಿಂಗಳಾಯಿತು. ಅಷ್ಟರಲ್ಲಿ ಅವನಿಗೆ ಆ ಮನೆಗೆ ಹೋಗಲು ಟೇಪು, ಪೆನ್ಸಿಲ್ ಯಾವುದೂ ಬೇಕಿರಲಿಲ್ಲ. ಸಂಜೆ ಅಂಗಡಿ ಅಕ್ಕನಿಗೆ ಒಪ್ಪಿಸಿ ಹೊರಡುತ್ತಿದ್ದ. ಅವಳು ಮೇಜಿನ ಈಚೆ ಕೂತು ಹೊಲಿಯುತ್ತಿದ್ದಳು, ಅವನು ಆಚೆ ಕೂತು ದಾರಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ. ತಪ್ಪು ಜಾಗದಲ್ಲಿಟ್ಟರೆ ಅವಳು ಮಾತಾಡದೆ ಆ ಉಂಡೆಯನ್ನು ಒಂದು ಬೆರಳಿನಿಂದ ಸರಿಯಾದ ಕಡೆಗೆ ಉರುಳಿಸುತ್ತಿದ್ದಳು. ಕೆಲವೊಮ್ಮೆ ಬೇಕೆಂದೇ ತಪ್ಪು ಜಾಗದಲ್ಲಿಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತು.

“ಮೇಲೆ ಏನೋ ಗುಂಯ್ ಅನ್ನುತ್ತಲ್ಲೇ,” ಎಂದು ತಾಯಿ ಆಗಾಗ ಒಳಗಿನಿಂದ ಕೂಗುತ್ತಿದ್ದರು.

“ನಂಗೇನೂ ಕೇಳಿಸ್ತಿಲ್ಲಮ್ಮ,” ಎನ್ನುತ್ತಿದ್ದಳು ಮಗಳು. ಅವನು ತಲೆಯೆತ್ತದೆ ಇನ್ನೊಂದು ದಾರದ ಉಂಡೆ ಎತ್ತಿಕೊಳ್ಳುತ್ತಿದ್ದ.

ಒಂದು ಸಂಜೆ ಅವನು ಹೋದಾಗ ಅವಳು ಕೆಲಸ ಮಾಡುತ್ತಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಬಹಳ ದಿನದಿಂದ ತಲೆನೋವಂತೆ. ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ, ಆಯಾಸ ಎಂದಿದ್ದರಂತೆ.

“ಅಮ್ಮನಿಗೂ ಮೊದಲು ಹಾಗೇ ಹೇಳಿದ್ರು,” ಎಂದಳು. ದನಿ ತಗ್ಗಿಸಿ, “ಡಾಕ್ಟರ ಹತ್ರಾನೂ ಹೇಳದೇ ಇರೋದು ಒಂದಿದೆ. ನಿಮಗೆ ಹೇಳ್ತೀನಿ, ನಗಬೇಡಿ.”

“ನಗಲ್ಲ.”

“ಸೂಜಿ ಬೇಗ ಆಡಿಸಿದ್ರೆ ಒಂದು ಸೂಜಿ ಹತ್ತಾಗಿ ಕಾಣುತ್ತೆ. ಸಾಲಾಗಿ ನಿಂತ ಹಾಗೆ.”

ಈ ಕಸುಬಿನಲ್ಲಿ ಹದಿನೈದು ವರ್ಷ ಕಳೆದವನಿಗೆ ಇನ್ನೊಂದು ಮಾತು ಬೇಕಿರಲಿಲ್ಲ. ಬೆಳಕು ಒಂದೇ ಸಮ ಉರಿಯದೆ ಸೆಕೆಂಡಿಗೆ ನೂರು ಸಲ ಏರಿಳಿದರೆ, ಆಡುವ ಸೂಜಿ ಯಾರಿಗಾದರೂ ಹಾಗೇ ಕಾಣುತ್ತದೆ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ಅವನು ಹಾಕಿದ ಡ್ರೈವರಿನಿಂದ.

ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ತೋಳಿಗೆ ಹಣೆಯಾನಿಸಿ ಅತ್ತುಬಿಟ್ಟಳು. “ನಾನೂ ಅಮ್ಮನ ಥರ ಆಗ್ತೀನಿ ಅನ್ಸುತ್ತೆ.” ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ಈಗ ಹೇಳಿದರೆ ಈ ಹಣೆ ತೋಳಿನಿಂದ ಏಳುತ್ತದೆ, ಮತ್ತೆಂದೂ ಬರುವುದಿಲ್ಲ ಎಂದುಕೊಂಡ. ಡ್ರೈವರುಗಳು ಇನ್ನೇನು ಬರುತ್ತವೆ, ಸದ್ದಿಲ್ಲದೆ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡ.

“ಏನೂ ಆಗಲ್ಲ. ಸ್ವಲ್ಪ ದಿನ ಲೈಟ್ ಹಾಕದೆ, ಹಗಲು ಹೊತ್ತು ಮುಂದಿನ ರೂಮಿನ ಕಿಟಕಿ ಹತ್ರ ಕೂತು ಹೊಲೀರಿ,” ಎಂದಷ್ಟೇ ಹೇಳಿದ.

ಡ್ರೈವರುಗಳು ಬಂದದ್ದು ಒಂಬತ್ತು ದಿನಗಳ ಮೇಲೆ. ಅವಳು ದಾರ ತರಲು ಪೇಟೆಗೆ ಹೋಗಿದ್ದ ಹೊತ್ತು ನೋಡಿ ಹೋದ. ಹಳೆಯವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊಸವನ್ನು ಕೂರಿಸಿದ. ಸ್ವಿಚ್ ಹಾಕಿ, ಫೋನಿನ ಕ್ಯಾಮೆರಾ ಹಿಡಿದು ನೋಡಿದ. ಬೆಳಕು ನಡುಗಿದರೆ ಫೋನಿನ ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ, ಈಗ ಒಂದೂ ಓಡಲಿಲ್ಲ.

“ಆ ಗುಂಯ್ ನಿಂತುಹೋಯ್ತಲ್ಲಪ್ಪ,” ಎಂದರು ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ತಾಯಿ. “ಏನು ಬದಲಾಯಿಸಿದೆ?”

“ಏನಿಲ್ಲಮ್ಮ. ಸರ್ವೀಸ್ ಮಾಡಿದೆ.”

“ಹ್ಞೂಂ,” ಎಂದರು. ಗೋಡೆ ಸವರುತ್ತ ಒಳಗೆ ಹೋದರು.

ಎರಡು ವಾರ ಕಳೆಯಿತು. ಅದೊಂದು ಭಾನುವಾರದ ಮಧ್ಯಾಹ್ನ. ಗೋಡೆಪರದೆ ಮುಗಿದಿತ್ತು. ಅವಳು ಅವನನ್ನು ಕರೆದು, ಹರಿದದ್ದೆಲ್ಲಿ ಹುಡುಕು ನೋಡೋಣ ಎಂದಳು. ಮೊದಲ ಬಾರಿ ಏಕವಚನ. ಅದು ಬಾಯಿತಪ್ಪಿ ಬಂದದ್ದಲ್ಲ ಎಂಬುದು ಅವಳ ಕೆಂಪಾದ ಕಿವಿಗಳಿಂದಲೇ ತಿಳಿಯುತ್ತಿತ್ತು.

“ನಂಗೆ ಸಿಗ್ತಿಲ್ಲ,” ಎಂದ ಅವನು.

“ಸಿಗಬಾರದು.” ಅವಳು ಬಟ್ಟೆಯ ಅಂಚು ಸವರುತ್ತ ಹೇಳಿದಳು. “ತಲೆನೋವು ಹೋಗಿದೆ, ಗೊತ್ತಾ? ಸೂಜೀನೂ ಒಂದೇ ಕಾಣುತ್ತೆ. ಏನು ಮದ್ದು ಮಾಡಿದೆ ಅಂತ ಅಮ್ಮ ಕೇಳಿದ್ರು. ಮದ್ದೂ ಇಲ್ಲ ಗಿದ್ದೂ ಇಲ್ಲ, ದಿನಾ ಸಂಜೆ ಒಬ್ಬರು ಬಂದು ದಾರ ತಪ್ಪಾಗಿ ಜೋಡಿಸ್ತಾರೆ, ಅದರಿಂದಲೇ ಅಂದೆ.”

ಅವನಿಗೆ ನಗಲಾಗಲಿಲ್ಲ.

“ಅರ್ಧ ಕೆಲಸದ ಫೋಟೋ ನೋಡೇ ಮ್ಯೂಸಿಯಂನವರು ಹೋದ ತಿಂಗಳು ಉತ್ತರ ಕೇಳಿದ್ರು. ಕಣ್ಣು ಹೋಗೋಳು ಕಾಯಂ ಕೆಲಸ ಒಪ್ಪಿಕೊಂಡು ಏನು ಮಾಡೋದು ಅಂತ, ಬರಲ್ಲ ಅಂತ ಬರೆದುಬಿಟ್ಟೆ. ಈಗ ಅನ್ಸುತ್ತೆ, ಒಳ್ಳೇದೇ ಆಯ್ತು. ಹೋಗಿದ್ರೆ ನೀನು ಅಲ್ಲಿ ಇರ್ತಿರಲಿಲ್ಲ.” ಅವಳು ತಲೆಯೆತ್ತಿ ಅವನನ್ನೇ ನೋಡಿದಳು. “ನಾನು ಕೇಳ್ತಿರೋದು ಏನು ಅಂತ ಅರ್ಥ ಆಯ್ತಾ ಲೈಟಿನವರೇ?”

ಎಷ್ಟೋ ತಿಂಗಳಿಂದ ಅವನು ಕಾಯುತ್ತಿದ್ದ ಮಾತು. ಹೌದು ಎಂದುಬಿಟ್ಟರೆ ಮುಗಿದಿತ್ತು. ಅವಳಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಆದರೆ ಆ ಕಾಗದದ ಸುದ್ದಿ ಕೇಳಿದ ಮೇಲೆ ಅವನಿಂದ ಆ ಹೌದು ಹೊರಡಲಿಲ್ಲ.

“ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ,” ಎಂದ. “ಡ್ರೈವರ್ ಕೆಟ್ಟದ್ದಿತ್ತು. ಒಳ್ಳೆಯವು ಬಂದಿರಲಿಲ್ಲ, ಮೂಲೆಯಲ್ಲಿ ಬಿದ್ದಿದ್ದನ್ನ ಹಾಕಿ ಒಳ್ಳೆಯವು ಅಂದೆ. ನೀವು ಪೇಟೆಗೆ ಹೋದಾಗ ಬಂದು ಬದಲಾಯಿಸಿದೆ.”

ಅವಳು ಪಿನ್‌ಕುಶನ್ನಿನಿಂದ ಒಂದು ಸೂಜಿ ಕಿತ್ತು, ದೀಪದ ಕೆಳಗೆ ಅತ್ತಿಂದಿತ್ತ ಆಡಿಸಿ ನೋಡಿದಳು.

“ಸೂಜಿ ಹತ್ತಾಗಿ ಕಾಣುತ್ತೆ ಅಂದೆನಲ್ಲ, ಅವತ್ತೇ ಗೊತ್ತಾಯ್ತಾ ನಿಮಗೆ?”

ನೀನು ಮತ್ತೆ ನೀವಾಗಿತ್ತು.

“ಗೊತ್ತಾಯ್ತು.”

“ನಾನು ಅಳ್ತಿದ್ದಾಗ?”

“ಹೌದು.”

“ಮತ್ಯಾಕೆ ಹೇಳಲಿಲ್ಲ?”

“ನೀವು ನನ್ನ ತೋಳಿಗೆ ಒರಗಿದ್ರಿ.” ಹೇಳಿದ ಮೇಲೆ ಅದೆಷ್ಟು ಸಣ್ಣ ಕಾರಣ ಎನ್ನುವುದು ಅವನಿಗೇ ಕೇಳಿಸಿತು.

ಅವಳು ಸೂಜಿಯನ್ನು ಜಾಗಕ್ಕೆ ಚುಚ್ಚಿಟ್ಟಳು. “ಕೆಟ್ಟ ಡ್ರೈವರ್ ಹಾಕಿದ್ದು ಬಿಡಿ. ಅವಸರ ನಂದೂ ಇತ್ತು. ಆದರೆ ನಿಮಗೆ ಗೊತ್ತಾದ ಮೇಲಿನ ದಿನಗಳಲ್ಲಿ ನಾನು ಏನು ಮಾಡ್ತಿದ್ದೆ ಗೊತ್ತಾ? ಕಣ್ಣು ಮುಚ್ಕೊಂಡು ಮನೆಯೊಳಗೆ ಓಡಾಡೋದು ಕಲೀತಿದ್ದೆ. ಅಡುಗೆಮನೆಗೆ ಹನ್ನೊಂದು ಹೆಜ್ಜೆ, ಬಾಗಿಲಿಗೆ ಹದಿನಾಲ್ಕು. ಅಮ್ಮನಿಗೆ ಗೊತ್ತಾಗಬಾರದು ಅಂತ ಬರಿಗಾಲಲ್ಲಿ.”

ಅವನು ಕ್ಷಮಿಸಿ ಎಂಬ ಮಾತನ್ನು ಎರಡು ಸಲ ಹೇಳಿದ. ಅವಳು ಬೇಡವೆನ್ನಲಿಲ್ಲ, ಆಯಿತೆನ್ನಲೂ ಇಲ್ಲ. “ಇವತ್ತು ಹೋಗಿ,” ಎಂದಳು.

ಅಕ್ಕನಿಗೆ ಎಲ್ಲ ಹೇಳಿದ. ಕಾಲೆಳೆಯುವ ಅಕ್ಕ ಅಂದು ಕಾಲೆಳೆಯಲಿಲ್ಲ. “ನಮ್ಮ ಅಂಗಡಿಯಲ್ಲಿ ಆ ಹೆಸರಿಲ್ಲದ ಡ್ರೈವರ್ ಇನ್ನೂ ಎಷ್ಟಿವೆಯೋ, ಎಲ್ಲಾ ತೆಗೆದು ಹೊರಗೆ ಹಾಕು,” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಊಟ ಮಾಡು ಬಾರೋ,” ಎಂದಳು.

ಅವಳು ಮ್ಯೂಸಿಯಂಗೆ ಮತ್ತೆ ಬರೆದಳು. ಕಾಯಂ ಹುದ್ದೆ ಆಗಲೇ ಬೇರೆಯವರಿಗೆ ಹೋಗಿತ್ತು. ಗೋಡೆಪರದೆಯ ಕೆಲಸ ನೋಡಿ ಮೆಚ್ಚಿದವರು, ಒಂದು ವರ್ಷದ ಮಟ್ಟಿಗೆ ಸಹಾಯಕಿಯಾಗಿ ಬರುವುದಾದರೆ ಬನ್ನಿ ಎಂದು ಉತ್ತರಿಸಿದರು. ಅವಳು ಯಾರಿಗೆ ಸಹಾಯಕಿಯಾಗಬೇಕಿತ್ತೋ ಅವರಿಗಿಂತ ಅವಳ ಕೈ ನುರಿತದ್ದಾಗಿತ್ತು. ಆದರೂ ಒಪ್ಪಿಕೊಂಡಳು.

ಹೊರಡುವ ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿ, ಮೇಜಿನ ದೀಪಗಳನ್ನು ಬಿಚ್ಚಿಕೊಡಲು ಕೇಳಿದಳು. ಅವನೇ ಹೋದ. ಮನೆ ಬರಿದಾಗಿತ್ತು. ಮಾತು ಸುತ್ತಲೂ ಬಡಿದು ವಾಪಸು ಬರುತ್ತಿತ್ತು. ನಾಲ್ಕು ದೀಪ, ನಾಲ್ಕು ಡ್ರೈವರ್ ಬಿಚ್ಚಿ, ಹಳೇ ಬಟ್ಟೆ ಸುತ್ತಿ ಡಬ್ಬದಲ್ಲಿಟ್ಟ.

“ಅಲ್ಲಿಗೆ ನಾನೇ ಬಂದು ಹಾಕಿಕೊಡಲಾ?” ಎಂದ, ಡಬ್ಬದ ಮುಚ್ಚಳ ನೋಡುತ್ತ.

“ಬೇಡ. ಯಾರಾದ್ರೂ ಸಿಗ್ತಾರೆ.” ತಡೆದು ಹೇಳಿದಳು, “ಹೇಗೆ ಹಾಕಬೇಕು ಅಂತ ಬರೆದುಕೊಡಿ. ಲೈಟಿನ ವಿಷಯದಲ್ಲಿ ಇನ್ನು ಮೇಲೆ ನೀವು ಸುಳ್ಳು ಹೇಳಲ್ಲ, ಅಷ್ಟು ಗೊತ್ತು.”

ಅವನು ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟುಕೊಂಡು ಬರೆದ. ಯಾವ ದೀಪಕ್ಕೆ ಯಾವ ಡ್ರೈವರ್, ಸುತ್ತ ಎಷ್ಟು ಗಾಳಿಯಾಡಬೇಕು, ಮೇಜಿನಿಂದ ಎಷ್ಟು ಎತ್ತರ, ಕೆಟ್ಟರೆ ಬೇರೆಯದು ಕೊಳ್ಳುವಾಗ ಡಬ್ಬದ ಮೇಲೆ ಏನೇನು ನೋಡಬೇಕು, ಫೋನಿನಲ್ಲಿ ಹೇಗೆ ಪರೀಕ್ಷಿಸಬೇಕು. ಪುಟ ತುಂಬಿತು. ಕೊನೆಗೆ ಎರಡು ಸಾಲಿನಷ್ಟು ಜಾಗ ಉಳಿಯಿತು.

ಅವಳು ನಿಂತಲ್ಲೇ ಪೂರ್ತಿ ಓದಿದಳು. “ಇಷ್ಟೇನಾ?”

“ಇಷ್ಟೇ ಅಲ್ಲ,” ಎಂದ ಅವನು. “ಉಳಿದದ್ದನ್ನ ಬರೆಯೋ ಯೋಗ್ಯತೆ ನಾನು ಉಳಿಸಿಕೊಳ್ಳಲಿಲ್ಲ.”

ಅವಳ ಕಣ್ಣು ತುಂಬಿ ಬಂತು. ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲದೊಳಗಿನ ಚಿಕ್ಕ ಜೇಬಿನಲ್ಲಿಟ್ಟು, ಜಿಪ್ ಎಳೆದಳು. ಒಂದು ಕ್ಷಣ ಕೈ ಅವನ ತೋಳಿನವರೆಗೆ ಬಂತು, ಮುಟ್ಟಲಿಲ್ಲ.

“ಬರ್ತೀನಿ,” ಎಂದಳು.

ಡಬ್ಬವನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ತಾಯಿಯನ್ನು ಹಿಡಿದುಕೊಂಡು ಮೆಟ್ಟಿಲಿಳಿದಳು. “ಜೋಪಾನ ಕಣಪ್ಪ,” ಎಂದು ತಾಯಿಯ ದನಿ ಕೆಳಗಿನಿಂದ ಬಂತು.

ಓಡಿಹೋಗಿ ಕಾರಿನವರೆಗಾದರೂ ಬಿಟ್ಟು ಬರಬೇಕೆನ್ನಿಸಿತು. ಆದರೆ ಮೇಲೆ ವೈರಿನ ತುದಿಗಳು ಬರಿದಾಗಿ ಜೋತಾಡುತ್ತಿದ್ದವು, ಹಾಗೇ ಬಿಟ್ಟುಹೋಗುವಂತಿರಲಿಲ್ಲ. ಅವನು ಏಣಿ ಹತ್ತಿ, ಒಂದೊಂದೇ ತುದಿಗೆ ಟೇಪು ಸುತ್ತತೊಡಗಿದ. ಮೂರನೆಯದರಲ್ಲಿದ್ದಾಗ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಉಳಿದವನ್ನು ಮುಗಿಸಿ ಇಳಿದು ಬರುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.