ಪರಿಶೀಲಿಸಿದವರು: ಮಹೇಶ್ವರಿ

"ನಿಮ್ಮ ಹೆಸರಿಲ್ಲದ ಈ ಕೋಡ್ ನಾ ಮುಂದ ಕಳಸಂಗಿಲ್ಲರಿ, ಮಹೇಶ್ವರಿ..."

ಭಾಗ್ಯನಗರದ ಮಹೇಶ್ವರಿಯ ಮನೆಯ ಬಾಗಿಲಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು ಗಾಳೇಶ ನಿಂತಿದ್ದ. ಎರಡು ವರ್ಷದ ಮೇಲೆ!

ಅವನ ಮುಖ ನೋಡಿದ್ದೇ ತಡ, ಅವಳ ಕಿವಿಯಲ್ಲಿ ಅದೇ ಕೂಗು ಎದ್ದಿತು. "ಯವ್ವಾ... ಸುಟ್ಟೆನವ್ವಾ!"

ಅದು ರೈಸ್ ಮಿಲ್ಲಿನ ಕೆಲಸಗಾರ ಹುಲಿಗೆಪ್ಪನ ಕೂಗು. ಪಕ್ಕದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯುವ ಸದ್ದಾದರೂ ಸಾಕು, ಆ ಕೂಗು ಅವಳಿಗೆ ಕೇಳಿಸುತ್ತಿತ್ತು.

ಯಂತ್ರಗಳಿಗೆ ಕಂಪ್ಯೂಟರ್ ಕೂಡಿಸುವ ಸಣ್ಣ ಕಂಪನಿಯೊಂದಕ್ಕೆ ಇಬ್ಬರೂ ಮನೆಯಿಂದಲೇ ದುಡಿಯುತ್ತಿದ್ದರು. ಕುಕನೂರಿನ ಗಾಳೇಶ ಡ್ರೈವರ್ ಬರೆಯುವವನು. ಸಾಧನ ಹೇಳುವುದನ್ನು ಕಂಪ್ಯೂಟರಿನ ಒಳಜೀವವಾದ ಕರ್ನಲ್‌ಗೆ ಮುಟ್ಟಿಸುವ ಕೋಡ್ ಅದು. ಅದನ್ನು ಓದಿ, ತಪ್ಪು ಹುಡುಕಿ, ಕೊನೆಗೆ 'ಪರಿಶೀಲಿಸಿದವರು' ಎಂದು ಹೆಸರು ಹಾಕುವವಳು ಮಹೇಶ್ವರಿ. ಒಮ್ಮೆ ಹಾಕಿದ ಹೆಸರು ದಾಖಲೆಯಿಂದ ಅಳಿಸುವುದಿಲ್ಲ.

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಭತ್ತ ಒಣಗಿಸುವ ಯಂತ್ರ ಮೊದಲ ಸಲ ಓಡಿದ ದಿನ ಅವಳು ಅಲ್ಲೇ ಇದ್ದಳು. ಗಾಳೇಶ ಬರೆದು ಅವಳು ಹೆಸರು ಹಾಕಿದ್ದ ಕೋಡಿನಲ್ಲಿ ಒಂದು ಬೀಗ ತೆರೆಯದೇ ಉಳಿದಿತ್ತು. ಒಬ್ಬ ಚಿಲಕ ಹಾಕಿಕೊಂಡು ಹಿತ್ತಲಿನಿಂದ ಹೊರಟುಹೋದರೆ ಉಳಿದವರು ಬಾಗಿಲಲ್ಲೇ ಕಾಯಬೇಕಲ್ಲ, ಹಾಗಾಯಿತು. ಕಂಪ್ಯೂಟರ್ ಸ್ತಬ್ಧವಾಯಿತು, ಶಾಖ ಏರುತ್ತಲೇ ಹೋಯಿತು. ಮುಚ್ಚಳ ತೆರೆದ ಹುಲಿಗೆಪ್ಪನ ಬಲಗೈ ಬೆಂದುಹೋಯಿತು.

ಅಂದಿನಿಂದ ಮಹೇಶ್ವರಿ ಯಾವ ಕೋಡಿಗೂ ಹೆಸರು ಹಾಕಿರಲಿಲ್ಲ. ಗಾಳೇಶನೂ ಮಾತು ಬಿಟ್ಟಿದ್ದ. 'ನನ್ನನ್ನ ಕಂಡ್ರ ಅವರಿಗೆ ಹೇಸಿಕಿ' ಎಂದುಕೊಂಡಳು ಇವಳು. 'ಯಾವ ಮುಖ ಇಟ್ಕೊಂಡು ಹೋಗಲಿ' ಎಂದು ಕೂತ ಅವನು. ಸಾವಿರ ಸಾಲಿನ ಕೋಡ್ ಬಿಡಿಸುವ ಜಾಣರಿಗೆ ಇಷ್ಟು ಗಂಟು ಬಿಡಿಸಲಾಗಲಿಲ್ಲ ನೋಡಿ!

"ಬಾಗಿಲದಾಗ ನಿಂದರಿಸಿ ಮಾತಾಡ್ತಾರೇನ? ಒಳಗ ಬಾರಪ್ಪಾ," ಎಂದು ತಾಯಿ ಅಮರಮ್ಮ ಚಹಾಕ್ಕೆ ನೀರಿಟ್ಟಳು.

"ಬ್ಯಾರೆ ಯಾರಿಗರ ತೋರಸ್ರಿ," ಎಂದಳು ಮಹೇಶ್ವರಿ.

"ಮೂರು ಮಂದಿ ನೋಡ್ಯಾರ. ಭಾಳ ಛಲೋ ಐತಿ ಅಂದಾರ. ನನಗ ಧೈರ್ಯ ಬರವಲ್ದು. ನಾಳಿ ಅದೇ ಯಂತ್ರ ಚಾಲೂ ಮಾಡ್ತಾರ... ಅದರ ಮುಂದ ನಿಂದ್ರಾವ ಮತ್ತ ಹುಲಿಗೆಪ್ಪನೇ!"

ಮಹೇಶ್ವರಿ ಲ್ಯಾಪ್‌ಟಾಪ್ ಎಳೆದುಕೊಂಡಳು.

'ಯವ್ವಾ...' ಕೂಗು ಬಿಡಲಿಲ್ಲ. ಆದರೂ ಒಂದೊಂದೇ ಸಾಲು ಓದಿದಳು. ಚಹಾ ಆರಿತು. ಹೊರಗೆ ಬಿಸಿಲು ಏರಿತು. ಹಳೆಯ ತಪ್ಪನ್ನು ಅವನು ತಿದ್ದಿದ್ದ. ಆದರೆ ಶಾಖ ಅಳೆಯುವ ತಂತಿ ಕಿತ್ತುಹೋದರೆ ಕೋಡ್ ಕೆಲಸ ಅರ್ಧಕ್ಕೆ ಬಿಟ್ಟು ಹೊರಬರಲೆಂದು ಹೊಸದಾಗಿ ಬರೆದ ದಾರಿಯಲ್ಲಿ...

"ಇಲ್ಲ! ಇದಕ್ಕ ನಾ ಹೆಸರು ಹಾಕಂಗಿಲ್ಲ. ಇಲ್ಲಿ ಬೀಗ ಹಂಗ ಉಳದೈತಿ, ನೋಡ್ರಿ."

ಗಾಳೇಶ ಬಗ್ಗಿ ನೋಡಿದ.

"ಇದು ಹಿಂಗ ಮಿಲ್ಲಿಗೆ ಹೋಗಿದ್ರ..." ಎಂದವನು ತಲೆ ಹಿಡಿದು ಕುಳಿತ. ಆಮೇಲೆ ತಲೆಯೆತ್ತಿ ಕೇಳಿದ. "ಇಷ್ಟು ಸೂಕ್ಷ್ಮ ನೋಡೋರು... ಅವತ್ತ ಹೆಂಗ ಬಿಟ್ರಿ?"

ಎರಡು ವರ್ಷದಿಂದ ಅವಳು ಹೆದರಿದ್ದ ಪ್ರಶ್ನೆ ಅದೇ.

"ಬಿಡಲಿಲ್ಲರಿ... ಅವತ್ತ ನಾ ಓದಲೇ ಇಲ್ಲ."

"ಯಾಕ?"

"ನೀವು ಬರದದ್ದಂತ..."

ಕಣ್ಣೀರು ದಳದಳ ಇಳಿಯಿತು. ಪ್ರೀತಿಸಿದವನ ಮೇಲಿನ ಕುರುಡು ನಂಬಿಕೆಗೆ ಬೇರೊಬ್ಬನ ಕೈ ಸುಟ್ಟಿತ್ತು. ಇದನ್ನು ಯಾರ ಮುಂದೆ ಹೇಳಿಕೊಳ್ಳಬೇಕಿತ್ತು ಅವಳು?

ಗಾಳೇಶನ ಕಣ್ಣೂ ತುಂಬಿದವು. "ನಾಕು ಸಲ ನಿಮ್ಮ ಓಣಿತನ ಬಂದು ಹೊಳ್ಳಿ ಹೋಗೀನಿ. ನೀವು ಮುಖ ನೋಡಂಗಿಲ್ಲ ಅನ್ಕೊಂಡಿದ್ನಿ..."

ಅವನು ತಿದ್ದಿದ. ಅವಳು ಮೊದಲಿನಿಂದ ಮತ್ತೆ ಓದಿ, ತನ್ನ ಹೆಸರು ಹಾಕಿದಳು. ಕೂಗು ಇನ್ನೂ ಕಿವಿಯಲ್ಲಿತ್ತು.

"ಹುಲಿಗೆಪ್ಪಗ ಎಲ್ಲಾ ಹೇಳಬೇಕ್ರಿ. ಕೋಡ್ ಓದಲಾರದನ ಹೆಸರು ಹಾಕಿದ್ನಿ ಅಂತ. ಬೈದ್ರ ಬೈಲಿ."

"ಬರದಾವ ನಾನು. ಇಬ್ಬರೂ ಕೂಡೇ ಹೋಗೋಣು," ಎಂದು ಅವಳ ಕೈ ಹಿಡಿದ. "ಇನ್ನ ಮ್ಯಾಲ ನಾ ಬರದದ್ದು ಓದತೀಯಲ್ಲಾ, ಮಹೇಶಿ?"

"ಒಂದು ಸಾಲೂ ಬಿಡಂಗಿಲ್ಲ."

"ಅಷ್ಟು ಅಪನಂಬಿಕಿ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಅಲ್ಲರಿ... ನೀವು ಬರದದ್ದಂತ."