ಲೆಕ್ಕಕ್ಕೆ ಸಿಗದ ಹೇರ್‌ಪಿನ್

ಇಪ್ಪತ್ತು ಕಿಲೋಮೀಟರ್ ಉದ್ದದ ಹಗ್ಗದ ತುದಿಗೆ ಕಟ್ಟಿದ ಉಪಗ್ರಹವನ್ನು, ಫ್ಲೋರಿಡಾದ ನೆಲದ ಮೇಲೆ ನಿಂತುಕೊಂಡೇ, ಗಾಳಿಪಟದ ಹಾಗೆ ಒಂದೇ ಕೈಯಲ್ಲಿ ಆಡಿಸಿದವನು ನಾನು! ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇತ್ತು. ಒಂದು ಹನಿ ತುಳುಕಲಿಲ್ಲ.

ನಂಬಿಕೆ ಬರಲಿಲ್ಲವಾ? ಟೈಟಸ್‌ವಿಲ್ ಊರಿಗೆ ಬಂದು ಕ್ಲಿಫ್ಟನ್ ಟಾರ್ವರ್ ಅಂತ ಕೇಳಿ. ಸತ್ತವರೂ ಎದ್ದು ಬಂದು ಹೌದು ಅಂತಾರೆ.

ಆದರೆ ಈ ಕಥೆ ನನ್ನದಲ್ಲ, ಒರ್ನೆಲ್ಲಾಳದ್ದು. ಅವಳ ಮನಸ್ಸಿನಲ್ಲಿದ್ದದ್ದು ನನಗೆ ಹೇಗೆ ಗೊತ್ತು ಅಂತೀರಾ? ಹನ್ನೊಂದು ವರ್ಷದಿಂದ ಅವಳ ಗಂಡ ನಾನು!

ಬಾಹ್ಯಾಕಾಶ ನೌಕೆಗೆ ಸಾಮಾನು ತುಂಬುವ ದೊಡ್ಡ ಹಾಲಿನ ಬಾಗಿಲು ಕಾಯುವುದು ನನ್ನ ಕೆಲಸ. ಒಳಗೆ ಹೋಗುವವರೆಲ್ಲ ಬಿಳಿ ಉಡುಪು, ಟೋಪಿ, ಮುಖಗವಸು. ಕಾಣುವುದು ಕಣ್ಣು ಮಾತ್ರ. ಪೆನ್ನು, ಸ್ಪ್ಯಾನರ್, ಕನ್ನಡಕ... ಒಳಗೆ ಹೋದದ್ದನ್ನೆಲ್ಲ ಬರೆದುಕೊಳ್ಳಬೇಕು, ಹೊರಗೆ ಬಂದಾಗ ಎಣಿಸಬೇಕು. ಒಂದು ಸ್ಕ್ರೂ ಕಡಿಮೆಯಾದರೂ ಕೆಲಸ ನಿಲ್ಲುತ್ತಿತ್ತು. ತೂಕವಿಲ್ಲದ ಜಾಗದಲ್ಲಿ ಬಿದ್ದ ವಸ್ತು ಬಿದ್ದಲ್ಲೇ ಇರುವುದಿಲ್ಲವಲ್ಲ!

"ನಿಲ್ಲಿ! ಕಿವಿಯಲ್ಲೇನದು?" ಅಂದೆ, ಒರ್ನೆಲ್ಲಾ ಮೊದಲ ಸಲ ಬಾಗಿಲಿಗೆ ಬಂದ ದಿನ.

"ಕಿವಿ ಒಳಗಾ? ನಿಮ್ಮ ಕಿರುಚಾಟ," ಅಂದಳು ಅವಳು.

"ಓಲೆ ತೆಗೀರಿ, ಇಟಲಿ ಮೇಡಂ."

"ಒಳಗಿರೋ ಆ ಉಪಗ್ರಹದ ಹಗ್ಗಕ್ಕೆ ಒಂಬತ್ತು ವರ್ಷ ದುಡಿದಿದೀನಿ ನಾನು. ನನ್ನನ್ನೇ ತಡೀತೀರಾ?"

"ದೇವರು ಬಂದ್ರೂ ಕಿರೀಟ ಬಿಚ್ಚಿಟ್ಟೇ ಹೋಗ್ಬೇಕು ಇಲ್ಲಿ."

ಓಲೆ ಬಿಚ್ಚಿದಳು. "ಪಿನ್ ಮಾತ್ರ ತೆಗೆಯಲ್ಲ. ನನ್ನ ಕೂದಲು ಟೋಪಿ ಒಳಗೆ ನಿಲ್ಲಲ್ಲ."

"ಬರ್ಕೊಂಡೆ. ಎರಡು ಪಿನ್ ಒಳಗೆ. ಎರಡೂ ಹೊರಗೆ ಬರ್ಬೇಕು. ಒಂದೂವರೆ ಬಂದ್ರೂ ಬಿಡಲ್ಲ!"

'ಎಂಥಾ ಒರಟ...' ಅಂದುಕೊಂಡಳು. ಆದರೆ ಊಟದ ಹೊತ್ತಿಗೆ ಯಾಕೋ ನನ್ನ ಕಣ್ಣುಗಳೇ ನೆನಪಾದವು. ಎರಡು ಸಾಗರ ತುಂಬಿಟ್ಟ ಕಣ್ಣುಗಳು ಅಂತ ನಾನು ಹೇಳುತ್ತೇನೆ. ನಿದ್ದೆಗೆಟ್ಟ ಹಸುವಿನ ಕಣ್ಣುಗಳು ಅಂತ ಅವಳು ಹೇಳುತ್ತಾಳೆ.

ನಲವತ್ತು ದಿನ ಹೀಗೇ ಜಗಳ. ನಲವತ್ತೊಂದನೇ ದಿನ ಅವಳೇ ಕೇಳಿದಳು, "ನಾಳೆ ನದಿ ಹತ್ರ ಸೀಗಡಿ ತಿನ್ನೋಣ್ವಾ? ಅಲ್ಲೂ ಎಣಿಸ್ತೀರಾ?"

"ಸಿಪ್ಪೆ ಮಾತ್ರ," ಅಂದೆ.

ಮಾರನೆಯ ದಿನ ಕೊನೆಯ ಎಣಿಕೆ. ಅವಳ ಪಿನ್ ಒಂದೇ ಇತ್ತು!

ಮೂರು ತಾಸು ಹುಡುಕಿದೆವು. ಅವಳು ಮಂಡಿಯೂರಿ ನೆಲ ತಡಕುತ್ತಿದ್ದಳು. 'ನನ್ನಿಂದ ಉಡಾವಣೆ ನಿಂತರೆ... ಒಂಬತ್ತು ವರ್ಷ...'

ನಾನು ಪುಸ್ತಕ ತೆಗೆದು ಬರೆದೆ: ಪಿನ್, ಎರಡು ಹೊರಗೆ. ಸಹಿ ಹಾಕಿದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದ ಆ ನೋಟ... ಇಷ್ಟು ಬಡಾಯಿ ಕೊಚ್ಚುವ ನನಗೂ ಅದನ್ನು ದೊಡ್ಡದು ಮಾಡಿ ಹೇಳಲು ಬರುವುದಿಲ್ಲ. ಇದ್ದದ್ದೇ ಅಷ್ಟು ದೊಡ್ಡದು.

ನೌಕೆ ಮೇಲೇರಿತು. ಉಡಾವಣೆಯಾದ ಮೇಲೆ ಹುರುಳಿಕಾಯಿ ಬೀಜದ ಸಾರು, ಮೆಕ್ಕೆಜೋಳದ ರೊಟ್ಟಿ ತಿನ್ನುವುದು ಇಲ್ಲಿಯ ವಾಡಿಕೆ. ಅವಳು ಮೂರು ಬಟ್ಟಲು ತಿಂದಳು. ನಾನು ಮೂವತ್ತು!

ಮೂರನೆಯ ದಿನ ಉಪಗ್ರಹವನ್ನು ಹೊರಗೆ ಬಿಟ್ಟರು. ಷೂ ಲೇಸಿನಷ್ಟು ಸಣ್ಣ ಹಗ್ಗ, ಒಳಗೆ ತಾಮ್ರದ ತಂತಿ. ಭೂಮಿ ಸುತ್ತುತ್ತಲೇ ಅದು ವಿದ್ಯುತ್ ಹುಟ್ಟಿಸಬೇಕಿತ್ತು, ಹುಟ್ಟಿಸಿತು ಕೂಡ! ಪರದೆಯ ಮುಂದೆ ಒರ್ನೆಲ್ಲಾ ನನ್ನ ಕೈ ಹಿಡಿದಿದ್ದಳು. ಹದಿನೇಳು ಕಿಲೋಮೀಟರ್... ಹದಿನೆಂಟು... ಹತ್ತೊಂಬತ್ತು...

ಹಗ್ಗ ಕಡಿದುಹೋಯಿತು.

ಅದೇ ನೌಕೆಯಲ್ಲಿ ಉಳಿದವರ ಪ್ರಯೋಗಗಳೆಲ್ಲ ಸಾಂಗವಾಗಿ ನಡೆದವು. ಬೆಂಕಿ ಗುಂಡಗೆ ಉರಿಯಿತು, ಲೋಹ ಕರಗಿ ಹರಳಾಯಿತು. ಅವಳ ಒಂಬತ್ತು ವರ್ಷ ಮಾತ್ರ ಬಾಲ ಬಿಟ್ಟುಕೊಂಡು ದೂರ ಹೋಯಿತು. ಸಂಜೆ ಜನ ಅಂಗಳಕ್ಕೆ ಬಂದು, ಆಕಾಶದಲ್ಲಿ ಸಾಗುವ ಆ ಬೆಳ್ಳಿ ಗೆರೆಯನ್ನು ಮಕ್ಕಳಿಗೆ ತೋರಿಸಿದರು. ಅವಳು ತಲೆ ಎತ್ತಲಿಲ್ಲ.

"ನನ್ನ ಪಿನ್, ಕ್ಲಿಫ್. ಹಗ್ಗದ ಸುರುಳಿ ಒಳಗೆ ಸೇರಿರ್ಬೇಕು."

"ಅಲ್ಲ! ಅದಲ್ಲ!"

"ನಿನಗೆ ಹೇಗೆ ಗೊತ್ತು?"

ನಾನು ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ಅದೊಂದೇ ಸಲ.

'ಕೆಲಸ ಹೋಗುತ್ತದೆಂದು ಹೆದರಿದ್ದಾನೆ,' ಅಂದುಕೊಂಡಳು ಅವಳು. ಹಗ್ಗ ಕಡಿದ ಐದನೆಯ ದಿನ ತನ್ನ ಮುಖ್ಯಸ್ಥರ ಮುಂದೆ ನಿಂತು, "ಪಿನ್ ಕಳೆದದ್ದು ನಾನು, ಸುಳ್ಳು ಲೆಕ್ಕ ಕೊಟ್ಟದ್ದೂ ನಾನೇ. ಬಾಗಿಲಲ್ಲಿದ್ದವನಿಗೆ ಏನೂ ಗೊತ್ತಿಲ್ಲ," ಅಂದುಬಿಟ್ಟಳು. ಕೆಲಸ ಹೋಯಿತು. ನನ್ನ ಕಡೆ ತಿರುಗಿಯೂ ನೋಡದೆ ಇಟಲಿಯ ತನ್ನೂರು ಟ್ಯೂರಿನ್‌ಗೆ ಹೊರಟುಹೋದಳು.

ಕೆಲವು ತಿಂಗಳಿಗೆ ತನಿಖೆಯ ವರದಿ ಬಂತು. ಹಗ್ಗದ ಹೊದಿಕೆಯಲ್ಲಿ ತೂತು, ಅಲ್ಲಿಂದ ಕಿಡಿ ಹಾರಿ ಸುಟ್ಟಿದೆ. ಪಿನ್ ಕಾರಣವಲ್ಲ! ಅದನ್ನು ಹಿಡಿದುಕೊಂಡು ಅಟ್ಲಾಂಟಿಕ್ ಸಾಗರ ಈಜಿ ಹೋಗಿ ಅವಳ ಬಾಗಿಲು ತಟ್ಟಿದೆ.

ಅವಳು ಅಲ್ಲೇ ನಿಂತು ಓದಿದಳು. ಅತ್ತಳು. ಆಮೇಲೆ ಕೇಳಿದಳು, "ಹಾಗಾದ್ರೆ ಪಿನ್ ಎಲ್ಲಿ?"

"ಮೇಲೆ ನೌಕೆಯ ಬಾಗಿಲು ತೆರೆದಾಗ ತೇಲಿಹೋಗಿರ್ಬೇಕು. ಇನ್ನೂ ಭೂಮಿ ಸುತ್ತುತ್ತಿರ್ಬೇಕು, ಒರ್ನೆಲ್ಲಾ... ನಮ್ಮಿಬ್ಬರ ಹೆಸರು ಹೇಳ್ಕೊಂಡು!"

ನಕ್ಕಳು. ನನ್ನ ಎದೆಗೆ ಒರಗಿದಳು.

ಸುಳ್ಳು ಲೆಕ್ಕ ಕೊಟ್ಟವಳಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ನನ್ನನ್ನು ಮದುವೆಯಾಗಿ ಈಗ ಟೈಟಸ್‌ವಿಲ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ನೌಕೆ ಏರುವಾಗ ನಮ್ಮನೆ ಕಿಟಕಿಗಳು ಗಡಗಡ ಅನ್ನುತ್ತವೆ. ಅವಳು ಪರದೆ ಎಳೆಯುತ್ತಾಳೆ. ಆದರೂ ನಾವು ಸುಖವಾಗಿ...

ಇಲ್ಲಿಗೆ ಬರೆದು ಮುಗಿಸುತ್ತಿದ್ದೆ. ಒರ್ನೆಲ್ಲಾ ಬಂದು ಪಕ್ಕದಲ್ಲಿ ನಿಂತಳು.

"ಬರ್ದಿದ್ದೆಲ್ಲ ಓದಿದೆ. ಚೆನ್ನಾಗಿದೆ. ನಿನ್ನ ಹಳೇ ಬ್ಯಾಡ್ಜ್ ಹುಡುಕ್ತಿದ್ದೆ, ಕಥೆ ಜೊತೆ ಹಾಕೋಣ ಅಂತ." ಮೇಜಿನ ಮೇಲೆ ಬ್ಯಾಡ್ಜ್ ಇಟ್ಟಳು. ಅದರ ಪಕ್ಕದಲ್ಲಿ ಒಂದು ಹೇರ್‌ಪಿನ್. "ಇದು ಬ್ಯಾಡ್ಜ್ ಒಳಗೆ, ನಿನ್ನ ಫೋಟೋ ಹಿಂದೆ ಇತ್ತು."

ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.

"ಆ ಕೊನೇ ಎಣಿಕೆ ದಿನ ಬೆಳಿಗ್ಗೆ ನೀನು ಟೋಪಿ ಸರಿಮಾಡ್ಕೊಳ್ಳೋವಾಗ ಬಿತ್ತು. ಜೇಬಿಗೆ ಹಾಕ್ಕೊಂಡೆ. ಸೀಗಡಿ ತಿನ್ನೋಕೆ ಕೂತಾಗ ಕೊಟ್ಟು ನಗಿಸೋಣ ಅಂತ..."

"ಆ ಮೂರು ತಾಸು?"

"ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು. ಸಹಿ ಹಾಕಿದ್ಮೇಲೆ... ನೀನು ನನ್ನನ್ನ ಆ ಥರ ನೋಡಿದೆ. ಅಷ್ಟು ದೊಡ್ಡವನ ಹಾಗೆ ಯಾರೂ ನನ್ನ ನೋಡಿರಲಿಲ್ಲ, ಒರ್ನೆಲ್ಲಾ."

"ಆ ಐದು ದಿನ, ಕ್ಲಿಫ್?"

ಗಾಳಿಪಟ ಆಡಿಸಲಿಲ್ಲ ನಾನು. ಅಟ್ಲಾಂಟಿಕ್ ಈಜಲಿಲ್ಲ. ಜೇಬಿನಲ್ಲಿ ಪಿನ್ ಇಟ್ಟುಕೊಂಡು ಅವಳು ಮುಳುಗುವುದನ್ನು ನೋಡುತ್ತಾ ನಿಂತಿದ್ದೆ. ನಿಜ ಅಂದರೆ ಅಷ್ಟೇ.

ಅವಳು ಪಿನ್ ಎತ್ತಿ, ನರೆತ ಕೂದಲಿಗೆ ಸಿಕ್ಕಿಸಿಕೊಂಡಳು. ಕಿಟಕಿಯ ಪರದೆ ಸರಿಸಿ, ತುಂಬಾ ಹೊತ್ತು ಆಕಾಶ ನೋಡಿದಳು.

"ಕ್ಷಮಿಸ್ತೀಯಾ?" ಅಂದೆ.

"ಗೊತ್ತಿಲ್ಲ." ನನ್ನ ಕಡೆ ತಿರುಗಲಿಲ್ಲ. "ಮೊದಲು ಬರಿ. ಎರಡು ಒಳಗೆ ಹೋಗಿತ್ತು. ಎರಡೂ ಹೊರಗೆ ಬಂತು. ಸಹಿ ಹಾಕು."

"ಆಮೇಲೆ?"

"ಆಮೇಲೆ ಬಂದು ಪಕ್ಕದಲ್ಲಿ ನಿಂತ್ಕೋ. ಏನೂ ಮಾತಾಡ್ಬೇಡ."