ಪಾಸ್ ಅನ್ನಬಾರದ ಕಡೆ

ನಮ್ಮಿಬ್ಬರ ಮೊದಲ ಜಗಳ ಆಗಿದ್ದು ಎರಡು ಕ್ಲಾವರ್ ಮೇಲೆ.

ಅಣ್ಣನ ಗೆಳೆಯ ಬೀರಲಿಂಗ ಸಿಂಧನೂರಿನಲ್ಲಿ, ನಾನು ಮಸ್ಕಿಯಲ್ಲಿ. ಮೊಬೈಲಿನಲ್ಲಿ ಬ್ರಿಜ್, ಇಬ್ಬಿಬ್ಬರು ಜೋಡಿಯಾಗಿ ಆಡುವ ಎಲೆಯಾಟ. ನಾನು 'ಒಂದು ನೋಟ್ರಂಪ್' ಅಂತ, ಅಂದರೆ ತುರುಪಿಲ್ಲದ ಆಟ ಅಂತ, ಬಿಡ್ ಮಾಡಿದೆ. ನನ್ನ ಜೋಡಿ 'ಎರಡು ಕ್ಲಾವರ್' ಅಂದ. ನನ್ನ ಕೈಯಲ್ಲೂ ಐದು ಕ್ಲಾವರ್ ಇದ್ದವು. ಜೋಡಿ ಅಂದರೆ ಹೀಗಿರಬೇಕು ಅಂದುಕೊಂಡು ಖುಷಿಯಿಂದ ಪಾಸ್ ಒತ್ತಿದೆ. ಆಟ ಮುಗಿಯುವ ಹೊತ್ತಿಗೆ ನಮ್ಮಿಬ್ಬರ ಮಾನ ಹರಾಜಾಗಿತ್ತು.

"ಅಲ್ರೀ, ಪಾಸ್ ಯಾಕ ಮಾಡಿದ್ರಿ?" ಫೋನಿನಲ್ಲಿ ಗುರುತಿಲ್ಲದ ಗಂಡು ದನಿ.

"ಕ್ಲಾವರ್ ಅಂದ್ರಲ್ಲ? ನನ್ ಹತ್ರಾನೂ ಇದ್ವು."

"ನನ್ ಹತ್ರ ಎರಡ ಇದ್ವು. ಕ್ಲಾವರ್ ಐತಿ ಅಂತ ಹೇಳೋದಲ್ರೀ ಅದು. ಇಸ್ಪೀಟ್‌ನಾಗ, ಆಟೀನ್‌ನಾಗ ನಾಕು ಎಲಿ ಅದಾವೇನು ಅಂತ ನಿಮಗ ಕೇಳೋದು."

"ಕೇಳೋದಿದ್ರ ನೆಟ್ಟಗ ಕೇಳ್ರಿ. ಇಲ್ಲದ್ದನ್ನ ಐತಿ ಅಂದವರು ನೀವು, ಬೈಸ್ಕೊಳ್ಳಾಕಿ ನಾನಾ?"

ಅವನು ನಕ್ಕ. ಅಣ್ಣನ ಗೆಳೆಯರನ್ನೆಲ್ಲ 'ಅಣ್ಣಾ' ಅಂತಲೇ ಕರೆದು ರೂಢಿ ನನಗೆ. ಆ ನಗು ಕೇಳಿದ ಮೇಲೆ ಇವನನ್ನು ಹಾಗೆ ಕರೆಯಲು ನಾಲಿಗೆ ಏಳಲೇ ಇಲ್ಲ. ಬೀರಲಿಂಗ ನನಗೆ ಅವತ್ತಿನಿಂದ ಬರೀ 'ರೀ'.

ಆ ಆಟ ನಮಗೆ ಬಂದದ್ದು ಅಣ್ಣ ಮಾಳಿಂಗರಾಯನಿಂದ. ಲಿಂಗಸುಗೂರಿನಲ್ಲಿ ಅವನೂ ಬೀರಲಿಂಗನೂ ಒಂದೇ ರೂಮಿನಲ್ಲಿ ಓದಿದವರು. ಕೆಳಗಿನ ಮನೆಯಲ್ಲಿದ್ದ ರಿಟೈರ್ಡ್ ಕಾಲುವೆ ಇಂಜಿನಿಯರ್ ಒಬ್ಬರು ಕೈ ಕಡಿಮೆ ಬಿತ್ತು ಅಂತ ಇವರನ್ನು ಕೂಡಿಸಿಕೊಂಡು ಕಲಿಸಿದ್ದರು. ಲಾಕ್‌ಡೌನ್ ಬಂದಾಗ ಅಣ್ಣ ಮೊಬೈಲಿನಲ್ಲಿ ಶುರು ಮಾಡಿದ. ಅವನ ಜೋಡಿ, ಪಾಮನಕಲ್ಲೂರಿನ ಭಾಗ್ಯ. ಬೀರಲಿಂಗನ ಜೋಡಿ, ಖಾಸಗಿ ಶಾಲೆಯಲ್ಲಿ ಗಣಿತ ಹೇಳುವ ನಾನು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆ ಅಂದರೆ ನಾಲ್ವರೂ ಹಾಜರ್.

ಬ್ರಿಜ್‌ನಲ್ಲಿ ಕೈಯಲ್ಲಿ ಏನಿದೆ ಅಂತ ಬಾಯಿಬಿಟ್ಟು ಹೇಳುವಂತಿಲ್ಲ. ಬಿಡ್‌ಗಳಲ್ಲೇ ತಿಳಿಸಬೇಕು, ಬಿಡ್‌ಗಳಲ್ಲೇ ಕೇಳಬೇಕು. ಯಾವ ಬಿಡ್‌ಗೆ ಏನರ್ಥ ಅನ್ನುವುದನ್ನು ಜೋಡಿಗಳು ಮೊದಲೇ ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು. ಇದರ ಮೇಲೆ ಅಣ್ಣನ ಎರಡು ಕಾನೂನು. ಬಿಡ್ ನಡೆಯುವಾಗ ಎಲ್ಲರ ಮೈಕೂ ಬಂದ್, ಯಾಕೆಂದರೆ ಉಸಿರೂ ಸುಳಿವು ಕೊಡುತ್ತದೆ. ಇನ್ನೊಂದು, ಜೋಡಿಯ ಒಪ್ಪಂದ ಎದುರಾಳಿಗೂ ಗೊತ್ತಿರಬೇಕು.

"ಯಾವ ಬಿಡ್‌ಗೆ ಏನರ್ಥ ಅಂತ ನಾ ಕೇಳಿದ್ರ, ಬಿಡ್ ಮಾಡಿದವರ ಜೋಡಿ ಖರೇ ಹೇಳ್ಬೇಕು. ಮುಚ್ಚಿಟ್ರ ಅದು ಮೋಸ," ಅಂತಿದ್ದ. ಈಗಲೂ ಲಿಂಗಸುಗೂರಿನಲ್ಲೇ ಇದ್ದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಕಾನೂನು ಅಂದರೆ ಅವನಿಗೆ ಊಟದಷ್ಟು ರುಚಿ.

ಒಪ್ಪಂದ ಮಾಡಿಕೊಳ್ಳಬೇಕಲ್ಲ, ಅದಕ್ಕಾಗಿ ಪ್ರತಿ ಶನಿವಾರ ಬೀರಲಿಂಗ ಫೋನ್ ಮಾಡುತ್ತಿದ್ದ. ಅವ್ವನಿಗೂ ಗೊತ್ತು, ಅಣ್ಣನಿಗೂ ಗೊತ್ತು. ಇದ್ದದ್ದು ಹತ್ತು ನಿಮಿಷದ ಕೆಲಸ, ಹಿಡಿಯುತ್ತಿದ್ದದ್ದು ಒಂದು ತಾಸು.

"ನಾಲ್ಕು ನೋಟ್ರಂಪ್ ಅಂದ್ರ?"

"ನಿಮ್ಮ ಹತ್ರ ಎಕ್ಕಾ ಎಷ್ಟು ಅದಾವ ಅಂತ ಕೇಳೋದು. ಅದಕ್ಕ ಪಾಸ್ ಅನ್ನಂಗಿಲ್ಲ. ಒಂದಿದ್ರ ಐದು ಡೈಮಂಡ್, ಎರಡಿದ್ರ ಐದು ಆಟೀನ್, ಮೂರಿದ್ರ ಐದು ಇಸ್ಪೀಟ್."

"ಒಂದೂ ಇರ್ಲಿಲ್ಲಂದ್ರ?"

"ಇಲ್ಲ ಅಂತ ಹೇಳೋಕೂ ಒಂದು ಬಿಡ್ ಐತ್ರಿ. ಐದು ಕ್ಲಾವರ್. ಸುಮ್ಮನಿರೋದು ಮಾತ್ರ ಇಲ್ಲ."

"ಜೀವನದಾಗೂ ಹಿಂಗ ಇದ್ರ ಚಲೋ ಇತ್ತಲ್ರಿ."

"ಜೀವನದಾಗ ನಾನು ಮಷೀನ್ ರಿಪೇರಿ ಮಾಡಾಂವ ರೀ. ನನಗ ಅದೆಲ್ಲ ಗೊತ್ತಾಗಂಗಿಲ್ಲ," ಅಂದ. ಗೊತ್ತಾಗಿತ್ತು. ದನಿ ತಗ್ಗಿತ್ತು.

ಭತ್ತ ಕೊಯ್ಯುವ ಮಷೀನ್‌ಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಸುಗ್ಗಿಯಲ್ಲಿ ದಢೇಸುಗೂರು, ಮುಕ್ಕುಂದದ ಗದ್ದೆಗಳಲ್ಲೇ ಬಿಡಾರ. ಹೋದ ವರ್ಷ ಯಾವುದೋ ಬೆಲ್ಟ್ ತರಲು ಮಸ್ಕಿಗೆ ಬಂದಿದ್ದ. ಶಾಲೆ ಬಿಟ್ಟು ಬರುತ್ತಿದ್ದ ನಾನು, ಅಣ್ಣನ ಫೋಟೋದಲ್ಲಷ್ಟೇ ನೋಡಿದ್ದ ಅವನನ್ನು ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ಕಂಡೆ. ಎರಡೂ ಕೈಗೆ ಗ್ರೀಸ್. ನೀರು ಕೇಳಿದ. ಬಾಟಲಿ ಹಿಡಿಯಲು ಕೈ ಚಾಚಿ, ಕೈ ನೋಡಿಕೊಂಡು, ಹಿಂದೆ ತೆಗೆದ.

"ಬಾಯಿ ತೆರೀರಿ, ನಾನ ಹಾಕ್ತೀನಿ," ಅಂದೆ.

ಮುಖ ಮೇಲೆತ್ತಿ ಕುಡಿದ. ಕಣ್ಣು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ನೀರಿನ ಆಚೆಯಿಂದ ನನ್ನನ್ನೇ ನೋಡಿದ. ನಾನು ಬಾಟಲಿ ನೋಡುವುದು ಮರೆತು ಅವನ ಕೊರಳು, ಅಂಗಿ ಎಲ್ಲ ತೊಯ್ದವು. ಬಸ್ ಸ್ಟ್ಯಾಂಡಿನಲ್ಲಿ ನಿಂತು ನನಗೆ ಪ್ರೀತಿ ಹುಟ್ಟಿತು ಅಂದರೆ ನಗಬೇಡಿ. ಹುಟ್ಟಿದ್ದು ಮೊದಲೇ, ಅವತ್ತು ಕಂಡಿತು ಅಷ್ಟೆ.

ಅವನು ನಮ್ಮ ಬಳಗದವನೇ. ಜಾತಿಯ ಅಡ್ಡಿ ಇರಲಿಲ್ಲ. ಅಡ್ಡ ಬಂದದ್ದು ಅಣ್ಣನ ಸುಖ.

ಅಣ್ಣನಿಗೆ ಭಾಗ್ಯ ಅಂದರೆ ಪ್ರಾಣ, ಅವಳಿಗೂ ಹಾಗೇ. ಅವಳ ಮನೆಯವರು ಒಂದೇ ಮಾತು ಹೇಳಿ ಕಳಿಸಿದರು: ಕೊಟ್ಟು ತರುವ ಸಂಬಂಧ ಆದರೆ ಮಾತ್ರ. ಅವರ ಮಗಳನ್ನು ನಮ್ಮ ಮನೆಗೆ ಕೊಡಬೇಕಾದರೆ ನಮ್ಮ ಮನೆಯ ಮಗಳು ಅವರಿಗೆ ಬೇಕು. ಭಾಗ್ಯಳ ಅಣ್ಣ ದ್ಯಾವಪ್ಪನಿಗೆ ನಾನು. ದ್ಯಾವಪ್ಪ ಕೆಟ್ಟವನಲ್ಲ, ದುಡಿಯುವ ಮನುಷ್ಯ, ತಂಗಿಯನ್ನು ಹೂವಿನಂತೆ ನೋಡಿಕೊಂಡವನು. ಅದೇ ನನ್ನ ಸಂಕಟ. ಸಿಟ್ಟು ಮಾಡಲು ಒಬ್ಬರಾದರೂ ಕೆಟ್ಟವರು ಬೇಕಲ್ಲ? ನಾನು ಬೇಡ ಅಂದರೆ ಅಣ್ಣನ ಮದುವೆ ಮುರಿಯುತ್ತದೆ. ಬೇಕು ಅಂದರೆ ನಾನು ಮುರಿಯುತ್ತೇನೆ.

"ನಿಂಗ ಮನಸಿಲ್ಲಂದ್ರ ಹೇಳು ತಂಗಿ," ಅಂದ ಅಣ್ಣ. ಹೇಳುವಾಗ ಅವನ ಕಣ್ಣಲ್ಲಿದ್ದ ಹೆದರಿಕೆ ನೋಡಿ, "ನಂದೇನೈತಿ ಅಣ್ಣಾ, ನೀವು ಮಾಡಿದ್ದು," ಅಂದೆ. ಅವ್ವ ಗ್ಯಾನಮ್ಮ ನನ್ನ ನೆಟಿಗೆ ಮುರಿದಳು. ಸೋಮವಾರ ಪಾಮನಕಲ್ಲೂರಿನ ಹಿರಿಯರು ಎಲೆ ಅಡಿಕೆ ತರುವುದು ಅಂತ ಗೊತ್ತಾಯಿತು. ಎಲೆ ಅಡಿಕೆ ಹಿಡಿದರೆ ಮುಗಿಯಿತು, ಮಾತು ಹಿಂದಕ್ಕೆ ಬರುವುದಿಲ್ಲ. ಮನೆಯ ಗೋಡೆಗಳು ದಿನಕ್ಕೊಂದು ಗೇಣು ಹತ್ತಿರ ಬಂದಂತೆ ಅನ್ನಿಸುತ್ತಿತ್ತು.

ಗುರುವಾರ ನಾನೇ ಫೋನ್ ಮಾಡಿದೆ. ನಾಚಿಕೆ ಬಿಟ್ಟು ಕೇಳಿದೆ.

"ನನ್ನ ಮದುವಿ ಆಗ್ತೀರೇನು?"

ಆ ಕಡೆ ಮಷೀನ್ ಓಡುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು. ಅವನು ಉಸಿರಾಡುವುದು ಕೇಳಿಸಿತು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

"ಮಾಳಿಂಗ ನನಗ ಮೂರು ವರ್ಷ ಉಣ್ಣಾಕ ಹಾಕ್ಯಾನ," ಅಂದ ಕೊನೆಗೆ. "ಉಂಡ ಮನಿಗೆ ಎರಡು ಬಗೀಲೇನು?"

"ಅದು ಉತ್ತರ ಅಲ್ಲ."

ನಾನೇ ಕಾಲ್ ಕಟ್ ಮಾಡಿದೆ. ಅವತ್ತು ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಶನಿವಾರ ಅವನ ಫೋನ್ ಬರಲಿಲ್ಲ.

ಭಾನುವಾರ ಮೂರಕ್ಕೆ ನಾಲ್ವರೂ ಬಂದೆವು. ಪಕ್ಕದ ಕೋಣೆಯಲ್ಲಿ ಅವ್ವ ನಾಳೆಗೆ ಅಂತ ನನ್ನ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಮೂರನೆಯ ಆಟದಲ್ಲಿ ನನಗೆ ಬಂಗಾರದಂಥ ಎಲೆ ಬಂದವು. ಒಂದು ಇಸ್ಪೀಟ್ ಅಂದೆ. ಬೀರಲಿಂಗ ಮೂರು ಇಸ್ಪೀಟ್ ಅಂದ. ನಾನು ಕೇಳಿದೆ: ನಾಲ್ಕು ನೋಟ್ರಂಪ್. ಎಕ್ಕಾ ಎಷ್ಟು?

ಭಾಗ್ಯ ಪಾಸ್. ಬೀರಲಿಂಗನ ಹೆಸರು ಮಿನುಗುತ್ತಾ ನಿಂತಿತು. ಬಹಳ ಹೊತ್ತು ಮಿನುಗಿತು.

ಪಾಸ್.

ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು. ಎಲೆ ಹಿಡಿದು ಹತ್ತು ದಿನವಾದವನೂ ಮಾಡದ ತಪ್ಪು. ಮುಂದಿನ ಸರದಿ ಅಣ್ಣನದು. ಅವನು ಆಟ ನಿಲ್ಲಿಸಿ ಮೈಕ್ ತೆರೆದ.

"ಮಹೇಶ್ವರಿ, ಕಾನೂನು ಪ್ರಕಾರ ಕೇಳ್ತೀನಿ. ನಿನ್ನ ಜೋಡಿ ಪಾಸ್ ಮಾಡ್ಯಾನ. ಈ ಪಾಸಿಗೆ ಏನರ್ಥ?"

ದನಿಯಲ್ಲಿ ನಗು ಇತ್ತು. ಬೀರ ನಿದ್ದೆಗಣ್ಣಲ್ಲಿದ್ದಾನೆ ಅಂದುಕೊಂಡಿದ್ದ. 'ಕೈ ತಪ್ಪಿ ಒತ್ತಿರಬೇಕು ಅಣ್ಣಾ' ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆ ಪಾಸಿನ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದರೆ ಅದು ಮೋಸ. ಉಳಿದ ಎಲ್ಲ ಕಡೆ ಸುಳ್ಳು ಹೇಳಿಯಾಗಿತ್ತು, ಇದೊಂದು ಜಾಗದಲ್ಲಿ ಯಾವತ್ತೂ ಹೇಳಿರಲಿಲ್ಲ.

"ಅಂವನ ಹತ್ರ ಎಕ್ಕಾ ಅದಾವ ಅಣ್ಣಾ. ಎಷ್ಟು ಅಂತ ಗೊತ್ತಿಲ್ಲ. ಹೇಳಾಕ ಹೆದರ್ಯಾನ."

"ನಿನಗ ಹೆಂಗ ಗೊತ್ತು?"

"ಗುರುವಾರ ಒಂದು ಮಾತು ಕೇಳಿದ್ದೆ. ಅವತ್ತೂ ಹಿಂಗ ಸುಮ್ಮನಾದ."

"ಏನ್ ಕೇಳಿದ್ದಿ?"

"ನನ್ನ ಮದುವಿ ಆಗ್ತೀರೇನು ಅಂತ."

ಪಕ್ಕದ ಕೋಣೆಯಲ್ಲಿ ಇಸ್ತ್ರಿಯ ಸದ್ದು ನಿಂತಿತು. ಪರದೆಯ ಮೇಲೆ ಅಣ್ಣನ ಹೆಸರು ಮಿನುಗುತ್ತಿತ್ತು. ಸರದಿ ಅವನದು; ಅವನು ಒತ್ತುವವರೆಗೆ ಯಾರೂ ಮುಂದಕ್ಕೆ ಹೋಗುವಂತಿಲ್ಲ. ನಾವು ನಾಲ್ವರೂ ಅಲ್ಲೇ ಸಿಕ್ಕಿಕೊಂಡು ಕೂತೆವು.

ಮೊದಲು ಮಾತಾಡಿದವಳು ಭಾಗ್ಯ. "ಮಹೇಶಿ, ನನಗರ ಒಂದು ಮಾತು ಹೇಳಬಾರದೇನು? ನಿನ್ನ ಕಣ್ಣೀರಿನ ಮ್ಯಾಲ ನಾ ಹೆಂಗ ಸಂಸಾರ ಮಾಡ್ಲಿ? ನಾಳೆ ಎಲಿ ಅಡಿಕಿ ಬರಂಗಿಲ್ಲ. ನಮ್ಮ ಅಣ್ಣಗ ನಾ ಹೇಳ್ತೀನಿ."

"ಹೇಳಿದ್ರ ನಿನ್ನ ನನಗ ಕೊಡಂಗಿಲ್ಲ ಭಾಗ್ಯ," ಅಂದ ಅಣ್ಣ.

"ಗೊತ್ತೈತ್ರಿ. ನೀವು ಪಾಸ್ ಮಾಡ್ರಿ. ನಾ ಎಲಿ ಹಾಕ್ತೀನಿ."

ಅಣ್ಣ ಪಾಸ್ ಒತ್ತಿದ. ಭಾಗ್ಯ ಒಂದು ಡೈಮಂಡ್ ಎಲೆ ಎಸೆದಳು. ಆಟದ ನಿಯಮದಂತೆ ಬೀರಲಿಂಗನ ಹದಿಮೂರು ಎಲೆಗಳೂ ಪರದೆಯ ಮೇಲೆ ಬಿಚ್ಚಿಕೊಂಡವು. ಆಟೀನ್ ಎಕ್ಕಾ. ಡೈಮಂಡ್ ಎಕ್ಕಾ. ಕ್ಲಾವರ್ ಎಕ್ಕಾ.

"ಮೂರೂ ಇಟ್ಕೊಂಡು ಕುಂತೀಯಲ್ಲೋ ಲೇ," ಅಂದ ಅಣ್ಣ. ದನಿ ಒಡೆದಿತ್ತು.

"ತಪ್ಪಾತು ಮಾಳಿಂಗ. ಈಗ ಹೇಳ್ತೀನಿ."

"ಈಗ ಹೇಳಿದ್ರ ಕಾನೂನು ಒಪ್ಪಂಗಿಲ್ಲ. ಬಸ್ ಹತ್ತಿ ಮಸ್ಕಿಗೆ ಬಾ. ನಾನೂ ಬರ್ತೀನಿ. ನಮ್ಮವ್ವನ ಎದುರಿಗೆ ನಿಂತು ಹೇಳು."

ಸಂಜೆ ಐದಕ್ಕೆ ಲಿಂಗಸುಗೂರಿನಿಂದ ಅಣ್ಣನ ಬೈಕ್ ಬಂತು. ಐದೂವರೆಗೆ ಸಿಂಧನೂರಿನ ಬಸ್ಸಿಳಿದು ಬೀರಲಿಂಗ ಬಂದ. ಕೈ ತಿಕ್ಕಿ ತಿಕ್ಕಿ ತೊಳೆದಿದ್ದ, ಆದರೂ ಉಗುರಿನ ಸಂದಿಯಲ್ಲಿ ಗ್ರೀಸ್. ಹೊಸ್ತಿಲ ಆಚೆಯೇ ನಿಂತ. ಅಣ್ಣನನ್ನು ನೋಡಿ ತಲೆ ತಗ್ಗಿಸಿದ. ಆಮೇಲೆ ನನ್ನನ್ನು ನೋಡಿದ, ಈ ಸಲ ನೀರಿನ ಮರೆಯಿಲ್ಲದೆ.

"ಐದು ಇಸ್ಪೀಟ್," ಅಂದ.

ಅವ್ವ ಕಂಗಾಲಾಗಿ, "ಏನಂತಾನೋ ಈ ಹುಡುಗ?" ಅಂದಳು.

"ಹೌದು ಅಂತಾನವ್ವ," ಅಂದ ಅಣ್ಣ. "ಮುಂಜಾನೆಯಿಂದ ಉಂಡಿಲ್ಲ ಅನಸ್ತದ. ಒಳಗ ಕರಿ, ರೊಟ್ಟಿ ಹಾಕು."

ಇಲ್ಲಿಗೆ ಮುಗಿಸಿದ್ದರೆ ಕತೆ ಸುಖವಾಗಿರುತ್ತಿತ್ತು. ಆದರೆ ನಾನು ಬಿಡಿಸಿಕೊಂಡೆ, ಅಣ್ಣ ಸಿಕ್ಕಿಕೊಂಡ. ಸೋಮವಾರ ಎಲೆ ಅಡಿಕೆ ಬರಲಿಲ್ಲ. ಭಾಗ್ಯಳ ಫೋನ್ ಕಿತ್ತುಕೊಂಡರು ಅಂತ ಸುದ್ದಿ ಬಂತು. ಅವಳ ಸೀಟು ತುಂಬುವವರೆಗೆ ನನ್ನ ಕೊರಳಿಗೆ ತಾಳಿ ಬೇಡ ಅಂದೆ. ಬೀರಲಿಂಗ, "ನಾ ಕಾಯ್ತೀನಿ. ಹೇಳಾಕ ತಡ ಮಾಡಿದಾಂವ ನಾನ," ಅಂದ.

ನಾಲ್ಕು ಭಾನುವಾರ ಮೂರಕ್ಕೆ ಸರಿಯಾಗಿ ಮೂವರೂ ಬಂದು ಕೂತೆವು. ಖಾಲಿ ಸೀಟಿಗೆ ಕಂಪ್ಯೂಟರನ್ನು ಕೂಡಿಸಲೇ ಅಂತ ಆಪ್ ಕೇಳುತ್ತಿತ್ತು. ಅಣ್ಣ ಪ್ರತಿ ಸಲ 'ಬೇಡ' ಒತ್ತುತ್ತಿದ್ದ. ಐದರವರೆಗೆ ಕಾದು ಎದ್ದುಹೋಗುತ್ತಿದ್ದೆವು.

ಐದನೆಯ ಭಾನುವಾರ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಖಾಲಿ ಸೀಟಿನಲ್ಲಿ ಹೆಸರು ಮೂಡಿತು.

"ನಮ್ಮ ಅಣ್ಣ ತಾನ ಫೋನ್ ಕೊಟ್ಟಾನ," ಅಂದಳು ಭಾಗ್ಯ. ಅಳುತ್ತಿದ್ದಳೋ ನಗುತ್ತಿದ್ದಳೋ. "ಬ್ಯಾರೆಯವನ್ನ ನೆನೆಸೋ ಹೆಂಡತಿ ನನಗ್ಯಾಕ, ತಂಗಿ ಊಟ ಬಿಟ್ಟು ಕುಂದ್ರೋದು ನನಗ್ಯಾಕ ಅಂತ ಅವ್ವನ ಕೂಡ ಜಗಳಾ ಮಾಡ್ಯಾನ. ಅವ್ವ ಇನ್ನೂ ಒಪ್ಪಿಲ್ಲ. ಒಪ್ಪಿಸ್ತೀನಿ ಅಂದಾನ. ಆಡೋಣೇನು?"

ಎಲೆ ಬಿದ್ದವು. ಬಿಡ್ ಶುರುವಾಯಿತು. ಮೂವರ ಮೈಕ್ ಬಂದ್ ಆದವು. ಅಣ್ಣ ಮಾತ್ರ ಮರೆತಿದ್ದ. ಕಾನೂನು ಮಾಡಿದವನು ಬಿಕ್ಕಿ ಬಿಕ್ಕಿ ಅಳುವುದನ್ನು ನಾವು ಮೂವರೂ ಕೇಳುತ್ತ ಕೂತೆವು, ಯಾರೂ ಅವನಿಗೆ ಹೇಳಲಿಲ್ಲ.